ಜಯಕ್ಕ ಇಸಿದುಕೊಂಡ ಹರಕೆ

ಆಗೆಲ್ಲ ನಮ್ಮ ಸಾಲಗಾಮೆ ಕಡೆಯ ಹಳ್ಳಿಗಳಲ್ಲಿ ಟಿ.ಬಿ. ಅನ್ನುವ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಸೊಗಡವರೆ ಬರುವ ಕಾಲಕ್ಕೆ, ಅದು ನಮ್ಮಮ್ಮನಿಗೇ ಬಂತು. ನೆಂಟರಿಷ್ಟರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಬಿಡದೆ ಬಂದವಳು ಜಯಕ್ಕ ಒಬ್ಬಳೇ.

ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸು. ಅವಳಿಗೂ ಹಿಂದೆ ಇದೇ ಕಾಯಿಲೆ ಬಂದು ವಾಸಿಯಾಗಿತ್ತು. ಆಸ್ಪತ್ರೆಯ ಮಾತ್ರೆಯನ್ನು ಎದುರಿಗೇ ಕೂತು ನುಂಗಿಸುವ ಕೆಲಸವನ್ನು ತಾನಾಗಿಯೇ ಒಪ್ಪಿಕೊಂಡಿದ್ದಳು. ಮಂಗಳವಾರ, ಗುರುವಾರ, ಶನಿವಾರ. ಬಂದವಳು ಜಗಲಿಯಲ್ಲಿ ನಮ್ಮ ಜೊತೆ ಅವರೆಕಾಯಿ ಸುಲಿಯುತ್ತಾ ಕೂರುವಳು. ಕೈಯೆಲ್ಲ ಸೊಗಡಿನ ವಾಸನೆ.

ಒಂದು ಶನಿವಾರ ಸಿಪ್ಪೆಯನ್ನು ಹಸುವಿಗೆ ಸುರಿಯಲು ಹೋದರೆ, ಅದರೊಳಗೆ ಅವತ್ತಿನ ಏಳೂ ಮಾತ್ರೆ! ಜಯಕ್ಕನ ಎದುರು ನುಂಗಿದ ಹಾಗೆ ಮಾಡಿ ಅಮ್ಮ ಅಲ್ಲಿ ಬಚ್ಚಿಟ್ಟಿದ್ದಳು. ಅಮ್ಮ ಓಡಿಬಂದು ನನ್ನ ಬಾಯಿ ಮುಚ್ಚಿದಳು.

“ನನ್ನಾಣೆ, ಜಯಕ್ಕಂಗೆ ಏಳ್ಬ್ಯಾಡ ಕಣವ್ವ. ವಾಸಿ ಆಗೋಗಂಟ ಶನಿವಾರ ನೀರು ಬುಟ್ಟು ಏನೂ ಮುಟ್ಟಾಕಿಲ್ಲ ಅಂತ ತಿಮ್ಮಪ್ಪಂಗೆ ಅರಕೆ ಒತ್ತಿವ್ನಿ.”

ಅಯ್ಯೋ ನನ್ನ ಪಾಡೇ! ಆಣೆ ಮುರಿದರೆ ಅಮ್ಮ ಸಾಯುತ್ತಾಳೆ, ಮಾತ್ರೆ ಬಿಟ್ಟರೂ ಸಾಯುತ್ತಾಳೆ. ಎರಡು ದಿನ ಹೇಗೋ ತಡೆದುಕೊಂಡೆ. ಮಂಗಳವಾರ ಜಯಕ್ಕನನ್ನು ಕಂಡದ್ದೇ, ಅಳುತ್ತಾ ಎಲ್ಲ ಹೇಳಿಬಿಟ್ಟೆ.

“ಎಷ್ಟು ಶನಿವಾರ ಆಯ್ತು?” ಎಂದು ಜಯಕ್ಕ ನೇರ ಅಮ್ಮನನ್ನೇ ಕೇಳಿದಳು.

“ಮೂರು,” ಅಂದಳು ಅಮ್ಮ.

“ಅಲ್ಲ ಕಣೇ ಲಲ್ತಾ, ದ್ಯಾವ್ರು ಕಳ್ಸಿದ್ ಮಾತ್ರೇನ ದನಕ್ಕೆ ಆಕ್ತಿದ್ದೀಯಲ್ಲೇ!”

“ಅರಕೆ ತಪ್ಪಿ ಮಗಿಗೇನಾರ ಆದ್ರೆ?” ಅಂದಳು ಅಮ್ಮ.

ಜಯಕ್ಕ ಅಮ್ಮನ ಕೈ ಹಿಡಿದುಕೊಂಡಳು. “ಅಂಗಾದ್ರೆ ಆ ಅರಕೆ ನಂಗೆ ಕೊಡು. ಶನಿವಾರ ನಾನ್ ಉಪ್ವಾಸ ಇರ್ತೀನಿ, ನೀನ್ ತಿಂದು ಮಾತ್ರೆ ನುಂಗು.” ದೇವರ ಪಟದ ಮುಂದೆ ನಿಂತು, ಅಮ್ಮನ ಕೈಯಿಂದ ತನ್ನ ಕೈಗೆ ನೀರು ಬಿಡಿಸಿಕೊಂಡಳು. ಅವತ್ತೇ ಅಮ್ಮನನ್ನು ಆಸ್ಪತ್ರೆಗೂ ಕರೆದುಕೊಂಡು ಹೋಗಿ, ತಪ್ಪಿದ್ದನ್ನೆಲ್ಲ ಹೇಳಿಸಿದಳು.

ಅವರೆ ಮುಗಿದು ಬೇಸಿಗೆ ಬಂದರೂ ಶನಿವಾರ ಬರೀ ಹೊಟ್ಟೆಯಲ್ಲೇ ಬಂದು, ಅಮ್ಮ ರೊಟ್ಟಿ ತಿನ್ನುವುದನ್ನು ನೋಡುತ್ತಾ ಕೂರುತ್ತಿದ್ದಳು. “ಹಸಿವಾಗಲ್ವಾ ಜಯಕ್ಕ?” ಅಂತ ಒಮ್ಮೆ ಕೇಳಿದೆ.

“ಆಯ್ತದೆ ಕಣವ್ವ. ಅದ್ಕೇ ನಿಮ್ಮವ್ವಂಗೆ ಬಿರ್ರನೆ ವಾಸಿಯಾಗು ಅನ್ನೋದು,” ಅಂತ ನಕ್ಕಳು.

ಅಮ್ಮ ಉಳಿದಳು. ನನ್ನ ಮದುವೆ ಮಾಡಿದಳು, ಬಾಣಂತನ ಮಾಡಿದಳು. ಅದೆಲ್ಲ ಜಯಕ್ಕನ ಪುಣ್ಯ. ಜಯಕ್ಕ ತೀರಿಕೊಂಡು ಎರಡು ವರ್ಷವಾಯಿತು. ಈಗ ನನಗೆ ಜ್ವರ ಬಂದರೆ ಫೋನಿನ ತುಂಬ ಹಾರೈಕೆಗಳು ಬರುತ್ತವೆ, ಸಂತೋಷ. ಆದರೆ ನೆಂಟಳೂ ಅಲ್ಲದೆ, ನನಗಾಗಿ ಒಂದು ಹೊತ್ತಿನ ಊಟ ಬಿಡುವವಳು ಈ ಬೀದಿಯಲ್ಲಿ ಯಾರಿದ್ದಾಳೆ? ಬೇರೆಯವರ ಮಾತು ಹಾಗಿರಲಿ, ನಾನಾದರೂ ಯಾರಿಗಾಗಿ ಬಿಟ್ಟಿದ್ದೇನೆ?