ಮೂಗ ತಮ್ಮನ ಸ್ಯಾಕ್ಸೊಫೋನ್

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಮೂರು ವಾರವಾಗಿತ್ತು. ನಮ್ಮ ಯಜಮಾನರು ಕೆಲಸಕ್ಕಿದ್ದ ಹೋಟೆಲಿನಲ್ಲಿ ಜಾಝ್ ನುಡಿಸಲು ಸ್ಪೇನಿನಿಂದ ಮೂವರು ಬಂದಿದ್ದರು. ಸೈನಿಕರು ಯುರೋಪಿನವರನ್ನು ಹಿಡಿದೊಯ್ಯಲು ಶುರು ಮಾಡಿದಾಗ ಇಬ್ಬರು ಸಿಕ್ಕಿಬಿದ್ದರು. ಮೂರನೆಯವನನ್ನು ಸ್ಯಾಕ್ಸೊಫೋನ್ ಸಮೇತ ನಮ್ಮವರು ಸಾಲ್ಮಿಯಾದ ನಮ್ಮ ಫ್ಲ್ಯಾಟಿಗೆ ಕರೆತಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಬಚ್ಚಿಟ್ಟವರನ್ನೂ ಗಲ್ಲಿಗೇರಿಸುತ್ತಾರೆ ಎಂದು ಊರೆಲ್ಲ ಹೇಳುತ್ತಿತ್ತು. ನಾನು ಎರಡು ದಿನ ಇಬ್ಬರಿಗೂ ಮುಖ ಕೊಟ್ಟು ಮಾತಾಡಲಿಲ್ಲ.

ಬಂದವನದು ಕಪ್ಪು ಕೂದಲು, ಬಿಸಿಲಿಗೆ ಕಂದಿದ ಮೈ. ಮಂಗಳೂರಿನ ನಮ್ಮ ಚರ್ಚಿನಲ್ಲಿ ನಿಲ್ಲಿಸಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಾಗಾಗಿ, ಯಾರಾದರೂ ಕೇಳಿದರೆ ಅವನು ನನ್ನ ಮೂಗ ತಮ್ಮ ಎಂದು ತೀರ್ಮಾನವಾಯಿತು. ತಮ್ಮನೋ, ತಲೆನೋವೋ! ಊದಬೇಡ ಎಂದರೆ ಊದದೆ ಬರೀ ಕೀಲಿಗಳನ್ನು ಒತ್ತುತ್ತ ಕೂರುತ್ತಿದ್ದ. ದಿನವಿಡೀ ಟಕ್ ಟಕ್.

ಒಂದು ಬೆಳಿಗ್ಗೆ ಇಬ್ಬರು ಸೈನಿಕರು ಬಾಗಿಲು ಬಡಿದರು. ನನ್ನ ಮತ್ತು ನಮ್ಮವರ ಇಕಾಮಾ, ಅಂದರೆ ವಾಸದ ಪರವಾನಗಿ ಕಾರ್ಡು ನೋಡಿದರು. ತಮ್ಮನ ಕಾಗದವೆಲ್ಲ ಅವನಿಗೆ ಕೆಲಸ ಕೊಟ್ಟ ಕಫೀಲ್ ಹತ್ತಿರ ಇದೆ, ಆ ಕಫೀಲ್ ದೇಶ ಬಿಟ್ಟು ಓಡಿದ್ದಾನೆ ಎಂದೆ. ಒಬ್ಬನ ಕಣ್ಣು ಸೋಫಾದ ಮೇಲಿದ್ದ ವಾದ್ಯಕ್ಕೆ ಬಿತ್ತು. ಇಂಡಿಯಾದವನಾದರೆ ಹಿಂದಿ ಸಿನಿಮಾದ ಹಾಡು ನುಡಿಸಲಿ ಎಂದ.

ಇವನಿಗೆಲ್ಲಿಯ ಹಿಂದಿ ಹಾಡು! ನೆನಪಿಸುವವಳಂತೆ ನಾನೇ ಎರಡು ಸಾಲು ಗುನುಗಿದೆ. ಕೇಳಿದ್ದನ್ನು ಕೂಡಲೇ ಹಿಡಿಯುವುದು ಅವನ ಕಸುಬು, ಹಿಡಿದ. ಸೈನಿಕ ತಲೆದೂಗಿದ. ಅಷ್ಟಕ್ಕೇ ನಿಲ್ಲಿಸಬಾರದೇ? ಎರಡನೆಯ ಸುತ್ತಿಗೆ ಪುಣ್ಯಾತ್ಮ ಕಣ್ಣು ಮುಚ್ಚಿದ, ಹಾಡು ಬಿಟ್ಟು ತನ್ನ ಜಾಝ್ ದಾರಿ ಹಿಡಿದ. ಏರಿಸಿದ, ಬಾಗಿಸಿದ, ಎಲ್ಲೆಲ್ಲಿಗೋ ಹೋದ. ಸೈನಿಕನ ಮುಖ ಬಿಗಿಯಿತು. ಬಂದೂಕು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

ನನಗೆ ಭಯಕ್ಕಿಂತ ಮೊದಲು ಸಿಟ್ಟು ಬಂತು. ಚರ್ಚಿನಲ್ಲಿ ಹಾಡು ಕಲಿಸುವಾಗ ಮಕ್ಕಳಿಗೆ ಕೊಡುತ್ತಿದ್ದ ಹಾಗೆ ಅವನ ತೋಳಿಗೆ ಫಟಾರನೆ ಬಾರಿಸಿದೆ.

"ಸಮಾ ನುಡಿಸ್ಲಿಕ್ಕೆ ಆಗುದಿಲ್ವಾ ನಿಂಗೆ? ಜೀವ ತೆಗಿತೀಯಲ್ಲ ಮಾರಾಯ!"

ಮಾತು ತಿಳಿಯದಿದ್ದರೂ ಏಟು ತಿಳಿಯಿತು. ಬೆಚ್ಚಿ ಮತ್ತೆ ಹಾಡಿಗೆ ಬಂದ. ಸೈನಿಕ ಹೊಟ್ಟೆ ಹಿಡಿದುಕೊಂಡು ನಕ್ಕ. ತನಗೂ ಇಂಥದ್ದೇ ಅಕ್ಕ ಒಬ್ಬಳಿದ್ದಾಳೆ ಎಂದ. ಖಲಾಸ್, ಸಾಕು ಎಂದು ಜೊತೆಗಾರನನ್ನು ಕರೆದುಕೊಂಡು ಮೆಟ್ಟಿಲಿಳಿದ.

ಬಾಗಿಲು ಹಾಕಿ ತಿರುಗಿದರೆ ಅವನ ತೋಳಿನಲ್ಲಿ ನನ್ನ ಐದು ಬೆರಳೂ ಕೆಂಪಗೆ ಮೂಡಿದ್ದವು. ಅವನು ತೋಳು ಉಜ್ಜಿಕೊಳ್ಳುತ್ತ, ಆದರೂ ಕೊನೆಯ ಆ ತಿರುವು ಚೆನ್ನಾಗಿತ್ತಲ್ಲವೇ ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದ. ಇನ್ನೊಂದು ಬಾರಿಸಲು ಕೈ ಎತ್ತಿದವಳು ಅವನ ತಲೆಯನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.