ಅಡಿವೆಪ್ಪನ ಮುಹೂರ್ತ

ಕುಲಗೋಡದಿಂದ ಗೋಕಾಕಕ್ಕೆ ಬಂದು ಫೋಟೋ ಸ್ಟುಡಿಯೋ ಇಟ್ಟ ಅಡಿವೆಪ್ಪನ ಪ್ರಕಾರ ಮದುವೆಯೆಂದರೆ ದೇವರು ಬರೆದದ್ದಲ್ಲ, ತಾನು ತೆಗೆದದ್ದು. ‘ಅಯ್ಯನೋರ, ತಾಳಿ ಇನ್ನೊಮ್ಮೆ ಕಟ್ಟಸ್ರಿ, ಕಾಕಾನ ರುಮಾಲು ಅಡ್ಡ ಬಂತು’ ಎಂದನೆಂದರೆ ಮುಹೂರ್ತವೂ ಕಾಯಬೇಕು. ‘ಹಾಂ, ಈಗ ಅಳ್ರಿ’ ಎನ್ನುವವರೆಗೆ ಮದುಮಗಳು ಕಣ್ಣೀರು ತಡೆಯಬೇಕು. ಇಂಥ ಸಾಹೇಬರು ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಮದುಮಕ್ಕಳಿಗೆ ಬೆನ್ನು ತಿರುಗಿಸಿ, ಕಂಬದ ಹಿಂದೆ ಸರಿದು ನಿಂತ ವಿಧವೆಯರ ಫೋಟೋ ತೆಗೆಯುತ್ತಾರೆ. ಈ ಹುಚ್ಚಿಗೇ ಹುಕ್ಕೇರಿಯ ಗಿರಾಕಿಗಳೆಲ್ಲ ಕೈಬಿಟ್ಟರು. ‘ಶುಭಕಾರ್ಯದಾಗ ನಮ್ಮದ್ಯಾಕಪಾ?’ ಎಂದು ಆ ತಾಯಂದಿರೂ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಾರೆ. ‘ಬೆಳಕು ನಿಮ್ಮ ಮ್ಯಾಲೇ ಛಲೋ ಬಿದ್ದೈತ್ರಿ, ಅವ್ವಾರ’ ಎಂದು ಕತ್ತಲಲ್ಲೇ ಸುಳ್ಳು ಹೇಳುತ್ತಾನೆ. ಅವನ ಸ್ವಂತ ಮದುವೆಯ ಆಲ್ಬಮ್ಮಿನಲ್ಲಿ ಅಡುಗೆಯವನೂ ಹಲ್ಲು ಕಿರಿದಿದ್ದಾನೆ. ವಿಧವೆ ತಾಯಿ ಪಾರವ್ವ ಮಾತ್ರ, ಕಂಬದ ಪಕ್ಕದಲ್ಲಿ ಕಾಣುವ ಸೆರಗಿನ ತುದಿಯಷ್ಟೇ.