ತುದಿ ಭಾರ

ಲಾರ್ನ್ ಟೆಂಪಲ್‌ಮನ್ ಆ ಒಂದು ವರ್ಷದಲ್ಲಿ ಮೂರು ಗಾಳದ ಕೋಲುಗಳಿಗೆ ಶಿಕ್ಷೆ ವಿಧಿಸಿ ಶೆಡ್ಡಿನ ಮೂಲೆಗೆ ತಳ್ಳಿದ್ದ. ಮೂರರ ಮೇಲೂ ಆರೋಪ ಒಂದೇ: ತುದಿ ಭಾರ. ಕೈಗೆ ತೆಗೆದುಕೊಂಡರೆ ಮುಂದಕ್ಕೆ ಜಗ್ಗುತ್ತದೆ, ಮಣಿಕಟ್ಟು ಸೋಲುತ್ತದೆ, ಮೀನು ಕಚ್ಚುವ ಹೊತ್ತಿಗೆ ಕೈಯಲ್ಲಿ ಕಸುವೇ ಉಳಿದಿರುವುದಿಲ್ಲ. ಮೊದಲು ಶಿಕ್ಷೆಯಾದದ್ದು ಇಪ್ಪತ್ತು ವರ್ಷ ಅವನ ಜೊತೆ ಬಾಳಿದ ಜೇನುಬಣ್ಣದ ಕೋಲಿಗೆ. ಇಪ್ಪತ್ತು ವರ್ಷ ಇಲ್ಲದ ಭಾರ ಒಂದೇ ಚಳಿಗಾಲದಲ್ಲಿ ಅದರ ತುದಿಗೆ ಎಲ್ಲಿಂದ ಬಂತು ಎಂದು ಕೇಳಿದವಳು ಒಬ್ಬಳೇ, ಅವನ ಹೆಂಡತಿ ವರ್ನಾ.

ಬಿಗ್‌ಹೆಡ್ ನದಿಯ ದಂಡೆಯಲ್ಲಿ ನಿಲ್ಲುವ ಗಾಳದವರಲ್ಲಿ ಲಾರ್ನ್‌ನ ಕಡೆಯವರದು ಒಂದು ಬೇರೆಯೇ ಪಂಗಡ. ಅವರ ರೀಲ್ ಎಂದರೆ ನಡುಗೂಟದ ಮೇಲೆ ಕೂರಿಸಿದ ಬರೀ ಒಂದು ಗಾಲಿ. ಅದಕ್ಕೆ ಹಲ್ಲುಚಕ್ರವಿಲ್ಲ, ಬ್ರೇಕಿಲ್ಲ. ಬೆಂಡು ನೀರಿನ ಓಟದಲ್ಲಿ ತೇಲಿಕೊಂಡು ಹೋದಂತೆಲ್ಲ ಗಾಲಿ ತನ್ನಷ್ಟಕ್ಕೆ ತಿರುಗಿ ತಂಗೂಸಿ ದಾರ ಬಿಡುತ್ತದೆ. ಸ್ಟೀಲ್‌ಹೆಡ್ ಎಂಬ ಮೀನು ಕಚ್ಚಿ ಓಟ ಕಿತ್ತರೆ ತಡೆಯುವುದಕ್ಕಿರುವುದು ಹಿಡಿದವನ ಹೆಬ್ಬೆರಳು ಮಾತ್ರ. ಗಾಲಿಯ ಅಂಚನ್ನು ಅದು ಜೋರಾಗಿ ಒತ್ತಿದರೆ ದಾರ ಹರಿಯುತ್ತದೆ, ಸಡಿಲ ಬಿಟ್ಟರೆ ಗಾಲಿ ಹುಚ್ಚೆದ್ದು ದಾರವೆಲ್ಲ ಹಕ್ಕಿಗೂಡು. ಬ್ರೇಕಿರುವ ರೀಲ್ ಹಿಡಿದು ಬಂದವರನ್ನು ಕಂಡರೆ ಇವರು ತೊಟ್ಟಿಲ ಮಗುವನ್ನು ನೋಡುವ ಹಾಗೆ ನೋಡುತ್ತಾರೆ. ಹೆಬ್ಬೆರಳೇ ಇವರ ಮಾನ. ಆದ್ದರಿಂದ ಮೀನು ತಪ್ಪಿದಾಗ ಹೆಬ್ಬೆರಳಿನ ಮೇಲೆ ದೂರು ಹೇಳುವ ಗಂಡಸು ಆ ದಂಡೆಯಲ್ಲಿ ಇನ್ನೂ ಹುಟ್ಟಿಲ್ಲ. ನೀರು ಕಲಕಿತ್ತು ಎನ್ನುತ್ತಾರೆ, ಗಾಳಿ ಬಡಗಣದ್ದು ಎನ್ನುತ್ತಾರೆ, ಕಡೆಗೆ ಹೊಸ ಕೋಲು ಕೊಂಡುಕೊಳ್ಳುತ್ತಾರೆ.

ಲಾರ್ನ್ ಕೂಡ ಅದನ್ನೇ ಮಾಡಿದ್ದ. ಎರಡನೆಯ ಕೋಲಿನ ಬುಡಕ್ಕೆ ಸೀಸ ತುಂಬಿ ತುದಿಯನ್ನು ಎತ್ತಲು ನೋಡಿದ, ಆಗ ಇಡೀ ಕೋಲೇ ಹೊರೆಯಾಯಿತು. ಮೂರನೆಯದನ್ನು ಒಂದು ವಾರ ಹಿಡಿದ. ಅಷ್ಟರಲ್ಲಿ ಸೇಬಿನ ತೋಟದಲ್ಲಿ ಕೊಂಬೆ ಸವರುವ ಕತ್ತರಿಯೂ ಕೆಟ್ಟಿತ್ತು, ಅವನ ಪ್ರಕಾರ. ಅಂಗಿಯ ಕಾಜಗಳನ್ನು ಈಚೆಗೆ ಬೇಕಂತಲೇ ಚಿಕ್ಕದಾಗಿ ಹೊಲಿಯುತ್ತಿದ್ದರು. ಮೀನಿನ ಮೊಟ್ಟೆಗಳನ್ನು ಬಲೆಬಟ್ಟೆಯ ಚೂರಿನಲ್ಲಿಟ್ಟು ನೂಲಿನಿಂದ ಬಿಗಿದು ಎರೆಗಂಟು ಕಟ್ಟುವುದರಲ್ಲಿ ಊರಿಗೇ ಹೆಸರಾಗಿದ್ದವನು ಈಗ ಕಟ್ಟಿದ್ದೆಲ್ಲ ನೀರಿಗೆ ಬಿದ್ದೊಡನೆ ಬಿಚ್ಚಿಕೊಳ್ಳುತ್ತಿತ್ತು. ನೂಲೇ ಸರಿಯಿಲ್ಲ ಎಂದು ಬೈದ. ಅವನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಇಂಗಿ ಒಂದು ಗುಳಿ ಬಿದ್ದಿತ್ತು. ಅದನ್ನು ಅವನು ಕೈಗವಸಿನೊಳಗೆ ಮುಚ್ಚಿಟ್ಟುಕೊಂಡು ತಿರುಗುತ್ತಿದ್ದ, ಜುಲೈ ತಿಂಗಳಲ್ಲಿ ಕೂಡ.

ವರ್ನಾ ಶಾಲೆಯ ಬಸ್ಸು ಓಡಿಸುವವಳು. ಕಡ್ಡಿ ಮುರಿದ ಹಾಗೆ ಮಾತು. ಮದುವೆಯ ದಿನ ಅವನ ಸೂಟು ನೋಡಿ, ಯಾರ ಹತ್ತಿರ ಕಡ ತಂದೆ ಎಂದು ಪಾದ್ರಿಯ ಎದುರೇ ಕೇಳಿದ್ದಳು. ಕಡ ತಂದದ್ದೇ ಆಗಿತ್ತು. ಲಾರ್ನ್‌ನ ಅಪ್ಪ ಸತ್ತಾಗ ಬಂದವರೆಲ್ಲ, ಮುದುಕ ನಿದ್ದೆಯಲ್ಲೇ ಹೋದ, ಪುಣ್ಯವಂತ, ಎಂದು ಬೆನ್ನು ಸವರಿದರು. ಎಲ್ಲರೂ ಹೋದ ಮೇಲೆ ವರ್ನಾ ಹೇಳಿದಳು: "ನಿಮ್ಮಪ್ಪ ತುಂಬಾ ನರಳಿದ್ರು ಲಾರ್ನ್. ನೀನಿರ್ಲಿಲ್ಲ, ನಾನಿದ್ದೆ." ಆ ಮಾತಿಗೆ ಅವನು ಅತ್ತ. ಆದರೆ ಅಂದಿನಿಂದ ಒಂದು ವಿಷಯ ಅವನ ಮನಸ್ಸಿನಲ್ಲಿ ಗಟ್ಟಿಯಾಯಿತು. ಲೋಕದಲ್ಲಿ ಯಾರು ಏನೇ ಹೇಳಲಿ, ನಿಜ ಏನೆಂದು ತಿಳಿಯಬೇಕಾದರೆ ಇವಳನ್ನು ಕೇಳಿದರೆ ಸಾಕು. ಮೂವತ್ತು ವರ್ಷ ಇವಳ ಬಾಯಿಗೆ ಬೈದುಕೊಂಡೇ ಅವನು ಆ ಬಾಯಿಯನ್ನು ನಂಬಿ ಬದುಕಿದ್ದ.

ಸೆಪ್ಟೆಂಬರಿನಲ್ಲಿ ಅವಳೇ ಅವನನ್ನು ನಗರದ ನರರೋಗದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಡಾಕ್ಟರು ಸೂಜಿ ಚುಚ್ಚಿ ನೋಡಿದರು, ಸುತ್ತಿಗೆಯಿಂದ ಮಂಡಿ ತಟ್ಟಿದರು, ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಒಂದು ಉದ್ದದ ಹೆಸರು ಹೇಳಿದರು. ಲಾರ್ನ್ ಕಿಟಕಿಯಾಚೆ ನೋಡುತ್ತ ಕೂತಿದ್ದ. ಪ್ರಶ್ನೆ ಕೇಳಿದವಳು ವರ್ನಾ, ಉತ್ತರ ಕೇಳಿಸಿಕೊಂಡವಳೂ ವರ್ನಾ. ವಾಪಸು ಬರುವಾಗ ಕಾರು ಓಡಿಸಿದವಳೂ ವರ್ನಾ. ಸೇಬಿನ ತೋಟಗಳು ಶುರುವಾದ ಮೇಲೆ ಲಾರ್ನ್ ಕೇಳಿದ.

"ಏನಂದ ಅವ್ನು?"

"ಕೈಯಿಂದ ತೋಳಿಗೆ ಹೋಗುತ್ತೆ, ಆಮೇಲೆ ಕಾಲಿಗೆ. ಕೊನೆಗೆ ಉಸಿರಾಟಕ್ಕೆ. ನಿಲ್ಸೋ ಔಷಧಿ ಇಲ್ವಂತೆ."

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೆ ದನಿ ಮಾತ್ರ ಬಸ್ಸಿನ ಮಕ್ಕಳಿಗೆ ನಿಲ್ದಾಣದ ಹೆಸರು ಹೇಳಿದ ಹಾಗಿತ್ತು. ಲಾರ್ನ್, "ಆ ಮನುಷ್ಯ ಜನ್ಮದಲ್ಲಿ ಗಾಳ ಹಿಡಿದೋನಲ್ಲ" ಎಂದ. "ಕೈ ನೋಡ್ದ, ಸರಿ. ಆ ಕೈಲಿ ಎಂಥ ಕೋಲು ಹಿಡೀತಿದ್ದೆ ಅಂತ ಒಂದು ಮಾತು ಕೇಳಿದ್ನಾ?"

ಅಲ್ಲಿಗೆ ಅವನ ತಲೆಯಲ್ಲಿ ಒಂದು ಲೆಕ್ಕ ಗಟ್ಟಿಯಾಗಿ ಕೂತುಬಿಟ್ಟಿತು. ತೂಕ ಸರಿಯಾಗಿ ಕೂತ ಒಂದು ಕೋಲು ಸಿಕ್ಕಿ, ಅದರಲ್ಲಿ ಒಂದೇ ಒಂದು ಸ್ಟೀಲ್‌ಹೆಡ್ಡನ್ನು ಹೆಬ್ಬೆರಳಿನಿಂದ ತಡೆದು ದಡಕ್ಕೆ ತಂದರೆ ಡಾಕ್ಟರು ಹೇಳಿದ್ದು ಸುಳ್ಳು. ತರದಿದ್ದರೆ? ಅದನ್ನು ಅವನು ಯೋಚಿಸಲಿಲ್ಲ. ಮುಳುಗುವವನು ಕೈಗೆ ಸಿಕ್ಕ ಹಲಗೆಯ ಮರ ಯಾವುದೆಂದು ನೋಡುವುದಿಲ್ಲ. ನಕ್ಕುಬಿಡಬಹುದಾದ ಲೆಕ್ಕ, ಆದರೆ ಅವನಿಗೆ ಬದುಕುವುದಕ್ಕೆ ಬೇರೆ ಲೆಕ್ಕ ಉಳಿದಿರಲಿಲ್ಲ.

ಅಕ್ಟೋಬರಿನ ಒಂದು ಶನಿವಾರ ಇಬ್ಬರೂ ಡಗಲ್‌ನ ಅಂಗಡಿಗೆ ಹೋದರು. ಗಾಳದ ಸಾಮಾನು ಮಾರುವ ಡಗಲ್ ದೊಡ್ಡ ಹೊಟ್ಟೆಯ ಆಸಾಮಿ, ಲಾರ್ನ್‌ನ ಜೊತೆ ಒಂದೇ ಮಡುವಿನಲ್ಲಿ ನಿಂತು ನಡುಗಿದವನು. ಕಾಯಿಲೆಯ ಸುದ್ದಿ ಅವನಿಗೆ ಗೊತ್ತಿತ್ತು. ಸಣ್ಣ ಊರು, ಅಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಎಂದಿನಂತೆ ರೇಗಿಸಿಕೊಂಡೇ ಶುರು ಮಾಡಿದ.

"ಸಾಲ್ಮನ್‌ಗೋ ಸ್ಟೀಲ್‌ಹೆಡ್‌ಗೋ, ಮೊದ್ಲು ಅದನ್ನ ಹೇಳು. ಎರಡಕ್ಕೂ ಒಂದೇ ಅಂತೀಯ, ನಂಗೊತ್ತು. ಚರ್ಚಿಗೂ ಕೊಟ್ಟಿಗೆಗೂ ಒಂದೇ ಬೂಟು ಹಾಕೋ ಜಾತಿ ನಿಂದು."

ಸಾಲ್ಮನ್ ಎಂದರೆ ಮರದ ದಿಮ್ಮಿಯಂಥ ಮೀನು. ಅದನ್ನು ತಿರುಗಿಸುವುದಕ್ಕೆ ನಡು ಗಟ್ಟಿಯಿರುವ ಕೋಲು ಬೇಕು, ಗಟ್ಟಿ ಕೋಲಿಗೆ ತೂಕ ಹೆಚ್ಚು. ಸ್ಟೀಲ್‌ಹೆಡ್ಡಿಗೆ ಸಣ್ಣ ದಾರ, ಬಳುಕುವ ತುದಿ ಸಾಕು. ಇಷ್ಟು ವರ್ಷವೂ ಲಾರ್ನ್ ಈ ವಿಷಯಕ್ಕೆ ಡಗಲ್‌ನ ಜೊತೆ ಗಂಟೆಗಟ್ಟಲೆ ಜಗಳವಾಡಿ, ಎರಡಕ್ಕೂ ಆಗುವಂಥದ್ದನ್ನೇ ಕೇಳಿ ತೆಗೆದುಕೊಂಡು ಹೋಗುತ್ತಿದ್ದ. ಇವತ್ತು, "ಸ್ಟೀಲ್‌ಹೆಡ್ ಸಾಕು. ಸಾಲ್ಮನ್ ಬಿಟ್ಟೆ" ಎಂದ. ಜಗಳಕ್ಕೆ ಸಿದ್ಧನಾಗಿ ನಿಂತಿದ್ದ ಡಗಲ್, ಎದುರಾಳಿ ಹೀಗೆ ಬಾಗಿಲು ತೆರೆದುಬಿಟ್ಟದ್ದು ನೋಡಿ, ಕೋಲುಗಳಿದ್ದ ಗೋಡೆಯ ಕಡೆಗೆ ತಿರುಗಿಕೊಂಡ.

ಹದಿನೈದು ಅಡಿಯದನ್ನು ಡಗಲ್ ಗೂಟದಿಂದ ಇಳಿಸಲೇ ಇಲ್ಲ. ಹದಿನಾಲ್ಕರದ್ದನ್ನು ಲಾರ್ನ್ ತಾನೇ ಕೆಳಗಿಟ್ಟ. ಹದಿಮೂರು ಅಡಿಯದು ತೊರೆಗೆ ಸರಿ, ಮುದುಕರಿಗೆ ಸರಿ ಎಂದು ಅವನೇ ನಗುತ್ತಿದ್ದ ಕಾಲವಿತ್ತು. ಈಗ ಅದರಲ್ಲೂ ಅತಿ ತೆಳುವಾದದ್ದನ್ನು ಆರಿಸಿದ. ಆ ಅಂಗಡಿಯ ಸೂರು ತಗ್ಗು. ಕೋಲು ಪರೀಕ್ಷೆ ಮಾಡಬೇಕಾದರೆ ಹಿತ್ತಲ ಬಾಗಿಲು ತೆರೆದು ತುದಿಯನ್ನು ಬಯಲಿಗೆ ಚಾಚಬೇಕು. ಡಗಲ್ ರೀಲನ್ನು ಕಾರ್ಕಿನ ಹಿಡಿಗೆ ಕಪ್ಪು ಟೇಪಿನಿಂದ ಸುತ್ತಿ, ಕೋಲನ್ನು ತನ್ನ ಒಂದು ಬೆರಳ ಮೇಲೆ ಅಡ್ಡಲಾಗಿ ಕೂರಿಸಿ ತೋರಿಸಿದ. ತಕ್ಕಡಿಯ ದಂಡಿಯ ಹಾಗೆ ಅದು ನೇರ ನಿಂತಿತು.

ಲಾರ್ನ್ ತೆಗೆದುಕೊಂಡ. ಒಂದು ಕ್ಷಣ ನಿಂತ ತುದಿ ಮೆಲ್ಲಗೆ ಬಾಗಿ ಹಿತ್ತಲ ಹುಲ್ಲಿಗೆ ಇಳಿಯಿತು.

ಡಗಲ್ ಟೇಪು ಬಿಚ್ಚಿದ, ರೀಲನ್ನು ಎರಡು ಬೆರಳಗಲ ಹಿಂದಕ್ಕೆ ಸರಿಸಿ ಮತ್ತೆ ಸುತ್ತಿದ. ತುದಿ ಮತ್ತೆ ಇಳಿಯಿತು. ಮತ್ತೆ ಬಿಚ್ಚಿದ, ಮತ್ತೆ ಸುತ್ತಿದ. ಕಡೆಗೆ ರೀಲು ಹಿಡಿಯ ಬುಡಕ್ಕೇ ಬಂದು ನಿಂತಿತು, ಅದರಾಚೆ ಸರಿಸುವುದಕ್ಕೆ ಕಾರ್ಕೇ ಇರಲಿಲ್ಲ. ಒಲೆಯ ಹತ್ತಿರ ಕಾಫಿ ಕುಡಿಯುತ್ತ ಕೂತಿದ್ದ ಇಬ್ಬರು ಗಿರಾಕಿಗಳು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಲಾರ್ನ್ ಮತ್ತೆ ಕೋಲು ಹಿಡಿದ. ಈ ಸಲ ತುದಿ ಅಲ್ಲಾಡದೆ ನಿಂತಿತು.

"ಇದು ಕೋಲು ಅಂದ್ರೆ" ಎಂದ ಲಾರ್ನ್. ಅವನ ಹಣೆ ಬೆವತಿತ್ತು.

"ಮೊಣಕೈನ ಪಕ್ಕೆಗೆ ಊರಿ ಹಿಡಿದಿದೀಯ" ಎಂದಳು ವರ್ನಾ. "ಹಂಗೆ ಹಿಡಿದ್ರೆ ನನ್ ಪೊರಕೆನೂ ಹಗುರಾನೇ."

ಅವನಿಗೆ ಸಿಟ್ಟು ಬಂತು, ಒಳ್ಳೆಯ ಸಿಟ್ಟು, ಮನೆ ತಲುಪುವವರೆಗೂ ಕಾವು ಕೊಡುವಂಥದ್ದು. ದಾರಿಯುದ್ದಕ್ಕೂ ಇಬ್ಬರೂ ಕಿತ್ತಾಡಿದರು. ಅವಳಿಗೆ ಕೋಲಿನ ಗಂಧಗಾಳಿ ಗೊತ್ತಿಲ್ಲ ಎಂದು ಅವನು, ಅವನಿಗೆ ತನ್ನ ಕೈಯ ಗಂಧಗಾಳಿ ಗೊತ್ತಿಲ್ಲ ಎಂದು ಅವಳು. ಆ ರಾತ್ರಿ ಅವನು ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದ. ಜಗಳವಾಡುವ ಹೆಂಡತಿ ಇದ್ದಾಳೆ ಎಂದರೆ ಜಗಳಕ್ಕೆ ಇನ್ನೂ ಏನೋ ಉಳಿದಿದೆ ಎಂದೇ ತಾನೆ.

ನವೆಂಬರಿನ ಮಳೆಗೆ ನದಿ ತುಂಬಿ, ಇಳಿದು, ನೀರು ಹಸಿರಿಗೆ ತಿರುಗಿತು. ಕೊಲ್ಲಿಯಿಂದ ಸ್ಟೀಲ್‌ಹೆಡ್ ಮೇಲೆ ಬರುತ್ತಿವೆ ಎಂದು ಸುದ್ದಿಯಾಯಿತು. ಜನ ನಿಲ್ಲುವ ಕಡೆ ಬಿಟ್ಟು ಲಾರ್ನ್ ಹಳೆಯ ಗಿರಣಿಯ ಕೆಳಗಿನ ಮಡುವಿಗೆ ಹೋದ. ಯಾರ ಕಣ್ಣೂ ತನ್ನ ಮೇಲೆ ಬೀಳುವುದು ಅವನಿಗೆ ಬೇಕಿರಲಿಲ್ಲ. ವರ್ನಾ ಜೊತೆಗೆ ಬಂದಳು, ಫ್ಲಾಸ್ಕಿನ ಮುಚ್ಚಳ ತೆಗೆಯಲು, ಕೊಕ್ಕೆ ಕಟ್ಟಲು, ಜಾರುವ ದಂಡೆಯಲ್ಲಿ ಹಿಂದೆ ನಿಲ್ಲಲು. ಎರೆಗಂಟುಗಳನ್ನು ಅವಳೇ ಅಡುಗೆಮನೆಯಲ್ಲಿ ಕೂತು ಕಟ್ಟಿದ್ದಳು. ಒರಟು ಗಂಟುಗಳು, ಆದರೆ ಬಿಚ್ಚಿಕೊಳ್ಳುವಂಥವಲ್ಲ.

ಬೆಂಡು ಇಳಿದು ತೇಲಿತು. ಗಾಲಿ ಸದ್ದಿಲ್ಲದೆ ತಿರುಗಿತು. ಕೋಲು ಹಿಡಿದಲ್ಲೇ ನಿಂತಿತ್ತು, ಮೊಣಕೈ ಪಕ್ಕೆಯಲ್ಲಿತ್ತು, ಮತ್ತು ಲಾರ್ನ್‌ಗೆ ಎಷ್ಟೋ ತಿಂಗಳ ಮೇಲೆ ಎದೆ ಹಗುರಾಯಿತು. ಆಮೇಲೆ ಬೆಂಡು ಮಾಯವಾಯಿತು.

ಅವನು ಎರಡೂ ಕೈ ಸೇರಿಸಿ ಎಳೆದ. ಕೊಕ್ಕೆ ಕೂತಿತು, ಮೀನು ಒಮ್ಮೆ ನೀರಿನಿಂದ ಮೇಲೆ ಹಾರಿ ಬೆಳ್ಳಗೆ ಮಿಂಚಿ ಕೆಳಗಿನ ಓಟಕ್ಕೆ ನುಗ್ಗಿತು. ಗಾಲಿ ಚೀರಿತು. ಹೆಬ್ಬೆರಳೇ, ಒತ್ತು, ಎಂದು ಅವನು ಮನಸ್ಸಿನಲ್ಲಿ ಕೂಗಿದ. ಹೆಬ್ಬೆರಳು ಗಾಲಿಯ ಅಂಚಿನ ಮೇಲೇ ಇತ್ತು, ಬೇರೆ ಯಾರದೋ ಬೆರಳಿನ ಹಾಗೆ ಸುಮ್ಮನೆ ಬಿದ್ದಿತ್ತು. ಗಾಲಿ ಅದನ್ನು ಆಚೆಗೆ ತಳ್ಳಿತು. ದಾರ ಉಕ್ಕಿ ಗೋಜಲಾಗಿ ಕಚ್ಚಿಕೊಂಡಿತು, ಪಟ್ಟೆಂದು ಹರಿಯಿತು. ಕೋಲಿನ ತುದಿ ನೀರಿಗೆ ಬಿತ್ತು. ಅದನ್ನು ಎತ್ತಲು ನೋಡಿದ, ಏಳಲಿಲ್ಲ. ಕೆಂಪು ಬೆಂಡು ಮೀನಿನ ಹಿಂದೆ ದೂರ ಹೋಗುವುದನ್ನು ಇಬ್ಬರೂ ನೋಡಿದರು.

"ಹಿಡಿದು ನೋಡು ಇದನ್ನ" ಎಂದ ಲಾರ್ನ್.

ವರ್ನಾ ಕೆಳಗಿಳಿದು ಬಂದು ಅವನ ಕೈಯಿಂದ ಕೋಲು ತೆಗೆದುಕೊಂಡಳು. ಒಂದೇ ಕೈಯಲ್ಲಿ ಹಿಡಿದಳು, ಸೌಟು ಹಿಡಿದಷ್ಟು ಸಲೀಸಾಗಿ. ಹದಿಮೂರು ಅಡಿ ಕೋಲು ಮಡುವಿನ ಮೇಲೆ ನೇರವಾಗಿ ಚಾಚಿ ನಿಂತಿತು, ತುದಿ ಒಂದಿಷ್ಟೂ ನಡುಗಲಿಲ್ಲ. ಲಾರ್ನ್ ಅದನ್ನು ನೋಡಿದ.

"ನಿಜ ಹೇಳು ವರ್ನಾ. ತುದಿ ಭಾರ ಅಲ್ವಾ?"

ಅವಳು ಬೈಯುವುದನ್ನು ಅವನು ಕಾದ. ಕತ್ತೆ, ಗರಿಯ ಹಾಗಿದೆ ಇದು, ಎಂದು ಅವಳು ಒದರಲಿ, ತಾನು ತಿರುಗಿ ಒದರುತ್ತೇನೆ, ಕಾರಿನವರೆಗೂ ಕಿತ್ತಾಡಿಕೊಂಡು ಹೋಗೋಣ, ಅಷ್ಟೇ ಅವನಿಗೆ ಬೇಕಿದ್ದದ್ದು. ವರ್ನಾ ಕೋಲಿನ ತುದಿ ನೋಡಿದಳು. ಅವನ ಕೈಯ ಗುಳಿ ನೋಡಿದಳು.

"ಹೂಂ ಕಣೋ" ಎಂದಳು ಮೆತ್ತಗೆ. "ತುದಿ ಭಾರ ಇದೆ."

ಮೂವತ್ತು ವರ್ಷದಲ್ಲಿ ಅವಳು ಅವನಿಗೆ ಹೇಳಿದ ಮೊದಲ ಸುಳ್ಳು ಅದು. ಡಾಕ್ಟರ ಬಾಯಲ್ಲಿ ಕೇಳಿ ನಂಬದಿದ್ದುದನ್ನು, ಕಾರಿನಲ್ಲಿ ಅವಳದೇ ಬಾಯಲ್ಲಿ ಕೇಳಿ ನಂಬದಿದ್ದುದನ್ನು, ಲಾರ್ನ್ ಆಗ ನಂಬಿದ.

"ಶನಿವಾರ ಡಗಲ್ ಹತ್ರ ಹೋಗೋಣ" ಎಂದಳು ಅವಳು. "ಇನ್ನೂ ಹಗುರದ್ದು ಇರುತ್ತೆ."

"ಇರುತ್ತೆ" ಎಂದ ಲಾರ್ನ್.

ಅವಳು ಕಲ್ಲಿನ ಮೇಲೆ ಕೂತು ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ರೀಲಿಗೆ ಸುತ್ತಿದ್ದ ಕಪ್ಪು ಟೇಪನ್ನು ಉಗುರಿನಿಂದ ಎಬ್ಬಿಸತೊಡಗಿದಳು.